ಅತ್ತೆ ಹೊರಗೆ ಹೋಗುತ್ತಿದ್ದ ಹೊತ್ತು

ಸತ್ತವರ ದಿನಚರಿ ಬರೆಯಲು ಕೂತರೆ ಬದುಕಿರುವವರ ನಡುವೆ ಜಗಳ ಹತ್ತಿಕೊಳ್ಳುತ್ತದೆ ಎಂಬುದು ವಕೀಲಮ್ಮನಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಗೊತ್ತಿದ್ದರೆ ಅಷ್ಟು ಹಗುರವಾಗಿ ಹೇಳುತ್ತಿರಲಿಲ್ಲ. ತೀರಿಹೋದ ತಾಯಿ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತಿದ್ದರು, ಮನೆಯವರೆಲ್ಲ ಕೂತು ನೆನಪು ಮಾಡಿಕೊಂಡು ಬನ್ನಿ ಎಂದಿದ್ದರು, ಸಾಮಾನಿನ ಚೀಟಿ ಬರೆದುಕೊಂಡು ಬನ್ನಿ ಎನ್ನುವ ಹಾಗೆ. ಸಂಬಳ ತರುವವರು ಸತ್ತರೆ ಲೆಕ್ಕ ಸುಲಭವಂತೆ. ಮನೆಯ ಹೆಂಗಸು ಸತ್ತರೆ ಎದುರಿನವರು, ಅವರು ಮನೆಯಲ್ಲಿ ಸುಮ್ಮನೆ ಇದ್ದವರು ಎಂದುಬಿಡುತ್ತಾರಂತೆ. ಸುಮ್ಮನೆ ಇರಲಿಲ್ಲ ಎಂದು ತೋರಿಸುವುದು ನಮ್ಮ ಕೆಲಸ ಎಂದಿದ್ದರು.

ಆ ಮನೆಯದು ಲಾಂಡ್ರಿ. ಕೆಳಗೆ ಒಗೆಯುವ ಯಂತ್ರಗಳು, ಇಸ್ತ್ರಿ ಮೇಜುಗಳು, ಮೂಲೆಯಲ್ಲಿ ಲಾಡ್ಜುಗಳಿಂದ ಬಂದ ಹಾಸಿಗೆ ಬಟ್ಟೆಯ ಗಂಟುಗಳು, ಮೇಲೆ ವಾಸ. ಅಂಗಡಿ ಹಾಕಿದ್ದು ಮಾವ. ಕಣ್ಣು ಮಂಜಾಗಿ ಡಾಕ್ಟರು ವ್ಯಾನು ಓಡಿಸಬೇಡಿ ಎಂದ ಮೇಲೆ ಅವರು ಗಲ್ಲಾದ ಹಿಂದೆ ಕೂತರು, ವ್ಯಾನು ಮಗನ ಕೈಗೆ ಬಂತು. ಸೊಸೆ ಇಸ್ತ್ರಿಗೂ ಅಡುಗೆಗೂ ನಡುವೆ ಮೆಟ್ಟಿಲು ಹತ್ತಿ ಇಳಿದು ಇಳಿದು ಮಂಡಿ ಸವೆಸಿಕೊಂಡವಳು. ಅತ್ತೆ ಉಳಿದ ಎಲ್ಲವನ್ನೂ ಮಾಡುತ್ತಿದ್ದರು.

ಅತ್ತೆ ಹಾಸಿಗೆ ಹಿಡಿದು ಸತ್ತವರಲ್ಲ. ಒಂದು ಬೆಳಗ್ಗೆ ಚೀಲ ಹಿಡಿದು ಹೊರಗೆ ಹೋದರು. ದೊಡ್ಡ ರಸ್ತೆಯ ಟೈರಿನ ಅಂಗಡಿಯ ಮುಂದೆ ನಿಂತಿದ್ದಾಗ ಮೇಲಿನಿಂದ ಕಬ್ಬಿಣದ ಚೌಕಟ್ಟಿನ ಬೋರ್ಡು ಕಳಚಿ ಬಿತ್ತು. ಆಸ್ಪತ್ರೆ ಮುಟ್ಟುವವರೆಗೆ ಜೀವ ನಿಲ್ಲಲಿಲ್ಲ. ಬೋರ್ಡಿನ ಬೋಲ್ಟುಗಳು ತುಕ್ಕು ಹಿಡಿದು ಮುಟ್ಟಿದರೆ ಪುಡಿಯಾಗುತ್ತಿದ್ದವು. ಗಾಳಿ ಬಂದರೆ ಅಲ್ಲಾಡುತ್ತದೆ ಎಂದು ಅಕ್ಕಪಕ್ಕದ ಅಂಗಡಿಯವರು ಕಟ್ಟಡದ ಮಾಲೀಕನಿಗೆ ಎಷ್ಟೋ ಸಲ ಹೇಳಿದ್ದರು. ಮುಂದೆ ಬಣ್ಣ ಹೊಡೆಸುವಾಗ ನೋಡೋಣ ಎಂದು ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಕೇಸು ಹಾಕಲೇಬೇಕು ಎಂದು ಹಟ ಹಿಡಿದವನು ಅತ್ತೆಯ ಮಗ, ಸೊಸೆಯ ಗಂಡ. ಬೇಡ ಎಂದವರು ಮಾವ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ ಅಪ್ಪ ಮಗ ಇಬ್ಬರೂ ಒಂದು ದಿನವೂ ಒಂದೇ ಮಾತಿಗೆ ಬರಲಿಲ್ಲ. ಕೊನೆಗೆ ಮಗನ ಮಾತೇ ನಡೆಯಿತು.

ದಿನಚರಿಯ ಮಾತು ರಾತ್ರಿ ಊಟದ ಹೊತ್ತಿಗೆ ಶುರುವಾಯಿತು. ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ. ಹೈಸ್ಕೂಲಿಗೆ ಹೋಗುವ ಮಗಳು ಎಡಗೈಯಲ್ಲಿ ಪೆನ್ನು ಹಿಡಿದು, ಬಲಗೈಯಲ್ಲಿ ಉಣ್ಣುತ್ತಾ ಬರೆಯಲು ಕೂತಿದ್ದಳು. ಅವಳು ಎಡಚಿ, ಹೀಗೆ ಎರಡೂ ಕೆಲಸ ಒಟ್ಟಿಗೆ ಆಗುತ್ತಿತ್ತು. ಬೆಳಗಿನ ಚಹಾ ಅಮ್ಮನದು ಎಂದ ಗಂಡ. ಚಹಾ ಮಾಡುವವಳು ನಾನು, ಅತ್ತೆ ಹಾಲು ಕಾಯಿಸುತ್ತಿದ್ದರು ಎಂದಳು ಸೊಸೆ. ಲಾಡ್ಜಿನ ಬಟ್ಟೆ ಬೇರ್ಪಡಿಸುವುದು, ಕಲೆ ಹುಡುಕುವುದು ಅಮ್ಮನದು. ಸರಿ. ಗುಂಡಿ ಹೊಲಿಯುವುದು? ಅದೂ ಅಮ್ಮನದು. ಮಧ್ಯಾಹ್ನದ ಅಡುಗೆಯೂ ಅಮ್ಮನದೇ ಎಂದು ಅವನು ಹೇಳಿದಾಗ ಸೊಸೆ ಸಟ್ಟುಗವನ್ನು ಪಾತ್ರೆಯೊಳಗೆ ಬಿಟ್ಟಳು.

"ಹಾಗಾದ್ರೆ ನಾನು ಇಷ್ಟು ವರ್ಷ ಒಲೆ ಮುಂದೆ ನಿಂತು ಏನ್ ಮಾಡ್ತಿದ್ದೆ?"

"ನಿನ್ನ ಹೆಸರಲ್ಲಿ ಕೇಸ್ ಹಾಕಿಲ್ಲ ಕಣೆ. ವಕೀಲರು ಅಮ್ಮಂದು ಕೇಳಿದಾರೆ."

"ಅಮ್ಮಂದು ಬರೀರಿ, ಬೇಡ ಅನ್ನಲ್ಲ. ನಂದೂ ತೆಗೆದು ಅವರ ಕಡೆ ಹಾಕ್ಬೇಡಿ. ಕೋರ್ಟಲ್ಲಿ ನಿಂತು, ನಾನು ಈ ಮನೇಲಿ ಕೂತು ತಿಂತಿದ್ದೆ ಅಂತ ಹೇಳೋಕಾಗಲ್ಲ ನನಗೆ."

ಮಗಳು ಇಬ್ಬರ ಮುಖವನ್ನೂ ನೋಡಿ, ಅರ್ಧ ಅರ್ಧ ಅಂತ ಬರೆದುಕೊಳ್ಳುವುದಾಗಿ ಹೇಳಿದಳು. ಆ ಮನೆಯಲ್ಲಿ ನ್ಯಾಯ ಹೇಳುವ ವಯಸ್ಸಿಗೆ ಅವಳು ಆಗಲೇ ಬಂದಿದ್ದಳು. ಬರೆದದ್ದನ್ನು ಮೇಲಿನಿಂದ ಓದುತ್ತಾ ಬಂದವಳು ಒಂದು ಕಡೆ ನಿಂತಳು. ತಿಂಡಿ ಮುಗಿದ ಮೇಲೆ, ಮಧ್ಯಾಹ್ನದ ಅಡುಗೆಗೆ ಮುಂಚೆ ಅಜ್ಜಿ ಏನು ಮಾಡುತ್ತಿದ್ದರು? ಮೇಲೆ ಇರುತ್ತಿದ್ದರು ಎಂದುಕೊಂಡಿದ್ದ ಗಂಡ. ಅಷ್ಟು ಹೊತ್ತೂ ಮೇಲೆ ಯಾರೂ ಇರುತ್ತಿರಲಿಲ್ಲ.

"ಅಂಗಡಿಗೆ ಹೋಗ್ತಿದ್ರಲ್ಲ," ಎಂದಳು ಮಗಳು. "ದಿನಾ ಏನಾದ್ರೂ ತರೋಕೆ ಅಮ್ಮಾನೇ ಕಳಿಸ್ತಿದ್ಲು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಸೊಸೆಯ ಕೈ ತಾನಾಗಿ ಸೆರಗಿಗೆ ಹೋಯಿತು. ಮಾವ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದರು. ಹಾಗೆ ಬಿಟ್ಟು ಏಳುವುದು ಇತ್ತೀಚೆಗೆ ಅವರಿಗೆ ಅಭ್ಯಾಸವಾಗಿತ್ತು. ನನ್ನ ಕೈಯ ಊಟ ಅವರಿಗೆ ಸೇರುತ್ತಿಲ್ಲ, ಸೇರುವುದಾದರೂ ಹೇಗೆ ಎಂದುಕೊಂಡು ಅವಳು ತಟ್ಟೆ ಎತ್ತಿದಳು.

ಆ ಬೆಳಗ್ಗೆ ನಡೆದದ್ದನ್ನು ಅವಳು ಯಾರ ಮುಂದೆಯೂ ಹೇಳಿರಲಿಲ್ಲ. ಕೆಲವು ವಾರಗಳಿಂದ ಮನೆಯಲ್ಲಿ ಒಂದು ವಸ್ತುವೂ ನೆಟ್ಟಗಿರುತ್ತಿರಲಿಲ್ಲ. ಇವತ್ತು ಬೆಂಕಿಪೊಟ್ಟಣ ನೀರಿಗೆ ಬಿದ್ದಿದ್ದರೆ ನಾಳೆ ಉಪ್ಪಿನ ಡಬ್ಬ ಖಾಲಿ. ಒಮ್ಮೆ ನಲ್ಲಿಯ ವಾಷರು, ಒಮ್ಮೆ ಸೂಜಿಗಳ ಪೊಟ್ಟಣವೇ ಮಾಯ. ಅತ್ತೆಗೆ ಅರುಳು ಮರುಳು ಶುರುವಾಯಿತೇನೋ ಎಂದು ಅವಳು ಗಂಡನ ಹತ್ತಿರ ಅಂದದ್ದೂ ಇತ್ತು. ಆ ದಿನ ಕುಕ್ಕರಿನ ಗ್ಯಾಸ್ಕೆಟ್ಟು ಹರಿದಿತ್ತು. ಬೇಳೆ ಅರೆಬೆಂದು ಹಬೆಯೆಲ್ಲ ಪಕ್ಕದಿಂದ ಹೋಗುತ್ತಿತ್ತು, ಕೆಳಗೆ ಲಾಡ್ಜಿನವನು ಹಾಸಿಗೆ ಬಟ್ಟೆಗೆ ಕಾದು ನಿಂತಿದ್ದ, ಅವಳ ಮಣಿಕಟ್ಟಿಗೆ ಇಸ್ತ್ರಿ ತಾಗಿ ಉರಿಯುತ್ತಿತ್ತು. ಅವಳ ಬಾಯಿ ಮೊದಲೇ ಜೋರು. ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ನಾನೊಬ್ಬಳೇ ಎಷ್ಟು ಕಡೆ ಓಡಲಿ? ನೀವೇ ಹೋಗಿ ತನ್ನಿ. ತರೋವರೆಗೂ ಮನೆಗೆ ಬರಬೇಡಿ!"

ಅತ್ತೆ ಒಂದು ಮಾತೂ ಆಡದೆ ಚೀಲ ತೆಗೆದುಕೊಂಡು ಸರಸರ ಇಳಿದು ಹೋದರು. ಮತ್ತೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳ ತಾಯಿ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿದ್ದಳೋ. ಅಂದಿನಿಂದ ಅವಳು ಯಾರನ್ನೂ ಯಾವುದಕ್ಕೂ ಗದರಿಸಲಿಲ್ಲ. ಮನೆಗೆ ಬಂದವರು, ಪಾಪ, ಸೊಸೆ ಅತ್ತೆಯ ದುಃಖದಲ್ಲಿ ಎಷ್ಟು ಮೆತ್ತಗಾಗಿದ್ದಾಳೆ ಎಂದು ಹೊಗಳಿದರು. ಆ ಹೊಗಳಿಕೆ ಅವಳಿಗೆ ಗಾಯದ ಮೇಲೆ ಬರೆ ಎಳೆದಂತೆ ಆಗುತ್ತಿತ್ತು. ನಿದ್ದೆ ಬಾರದೆ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

ಇದೆಲ್ಲ ಸಾಲದೆಂದು ಮಾಲೀಕನ ಕಡೆಯಿಂದ ಉತ್ತರ ಬಂತು. ವಕೀಲಮ್ಮ ಗಂಡ ಹೆಂಡತಿ ಇಬ್ಬರನ್ನೂ ಕರೆಸಿ ಅದರ ಸಾರ ಹೇಳಿದರು. ಅವರ ಕಚೇರಿ ಔಷಧಿ ಅಂಗಡಿಯ ಮೇಲಿನ ಸಣ್ಣ ಕೋಣೆ. ಕುರ್ಚಿ ಎರಡೇ ಇದ್ದದ್ದರಿಂದ ವಕೀಲಮ್ಮ ತಾವೇ ಕಿಟಕಿಯ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಇಂಥ ಕೇಸಿನಲ್ಲಿ ಕಾನೂನು ಕೇಳುವುದು ಸರಳ ಎಂದರು: ಬೋರ್ಡು ನೋಡಿಕೊಳ್ಳುವ ಹೊಣೆ ಯಾರದು, ಅವರು ನೋಡಿಕೊಂಡರೋ ಇಲ್ಲವೋ, ಅದರಿಂದ ಮನೆಯವರಿಗೆ ಏನು ನಷ್ಟವಾಯಿತು. ಆದರೆ ಸತ್ತವರದೂ ಸ್ವಲ್ಪ ನಿರ್ಲಕ್ಷ್ಯ ಇತ್ತು ಎಂದು ತೋರಿಸಿದರೆ ಅಷ್ಟರ ಮಟ್ಟಿಗೆ ಪರಿಹಾರ ಕತ್ತರಿಸುತ್ತಾರೆ. ಎದುರಿನವರು ಹಿಡಿದಿರುವುದು ಅದನ್ನೇ. ಆ ಹೆಂಗಸಿಗೆ ಅಲ್ಲಿ ನಿಲ್ಲಬೇಡಿ ಎಂದು ಮಾಲೀಕ ಹೇಳಿದ್ದನಂತೆ. ಅವರಿಗೆ ಅಲ್ಲಿ ಕೆಲಸವೇ ಇರಲಿಲ್ಲವಂತೆ. ಮನೆಯಲ್ಲಿ ಜಗಳವಾಗಿ, ಮನಸ್ಸು ಕೆಟ್ಟು, ಎಲ್ಲಿ ನಿಂತಿದ್ದೇನೆ ಎಂಬ ಪ್ರಜ್ಞೆಯಿಲ್ಲದೆ ನಿಂತಿದ್ದರಂತೆ. ಕೂಗಾಟ ಕೇಳಿದ ನೆರೆಯವರು ಸಾಕ್ಷಿ ಇದ್ದಾರಂತೆ.

ಗಂಡ ಹೆಂಡತಿಯ ಕಡೆ ತಿರುಗಿದ. "ಜಗಳ ಆಗಿತ್ತಾ ಅವತ್ತು?"

"ಇಲ್ಲ," ಎಂದಳು ಅವಳು. ಅಷ್ಟು ಬೇಗ ಹೇಳಿದ್ದಕ್ಕೆ ಅವಳಿಗೇ ಭಯವಾಯಿತು.

ವಕೀಲಮ್ಮ ಅದನ್ನು ಬರೆದುಕೊಳ್ಳದೆ ಬೇರೆ ಮಾತಿಗೆ ಹೋದರು. ಅತ್ತೆ ಕುಕ್ಕರಿನ ಗ್ಯಾಸ್ಕೆಟ್ಟು ತರಲು ಹೊರಟಿದ್ದರು ಎಂಬಷ್ಟನ್ನು ಸೊಸೆ ಅವರಿಗೆ ಮೊದಲೇ ಹೇಳಿದ್ದಳು. ಗ್ಯಾಸ್ಕೆಟ್ಟು ಸಿಗುವ ಪಾತ್ರೆ ಅಂಗಡಿ ಮನೆಯಿಂದ ಎಡಕ್ಕೆ, ಟೈರಿನ ಅಂಗಡಿ ಬಲಕ್ಕೆ, ಅದೂ ಅಷ್ಟು ದೂರ. ಅಲ್ಲಿಗೆ ಯಾಕೆ ಹೋದರು ಎಂಬ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಎದುರಿನವರ ಉತ್ತರವೇ ನಿಲ್ಲುತ್ತದೆ ಎಂದರು. ಸೊಸೆಗೆ ಉತ್ತರ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಮನೆಗೆ ಬರಬೇಡ ಎನ್ನಿಸಿಕೊಂಡ ಮುದುಕಿ ಎಲ್ಲಿಗೆ ಹೋಗುತ್ತಾಳೆ? ಕಾಲು ಎಳೆದ ಕಡೆ ಹೋಗುತ್ತಾಳೆ.

ಮುಂದಿನ ವಾರಗಳು ಆ ಮನೆಯಲ್ಲಿ ಬಲು ಭಾರವಾಗಿ ನಡೆದವು. ಲಾಡ್ಜೊಂದು ಬಟ್ಟೆ ತಡವಾಯಿತೆಂದು ಬೇರೆ ಲಾಂಡ್ರಿಗೆ ಹೋಯಿತು. ವ್ಯಾನು ಓಡಿಸಲು ಒಬ್ಬನೇ ಇದ್ದದ್ದರಿಂದ ಗಂಡ ಕೋರ್ಟಿಗೆ ಹೋದ ದಿನವೆಲ್ಲ ಗಂಟುಗಳು ಬಾಗಿಲಲ್ಲೇ ಕೂತವು. ಮಾವ ಗಲ್ಲಾದ ಹಿಂದಿನಿಂದ, ಈ ಕೇಸು ಬಿಟ್ಟುಬಿಡು ಎಂದು ದಿನಕ್ಕೊಮ್ಮೆ ಹೇಳುವರು. ಅಮ್ಮನ ಮೇಲೆ ಅವರು ಹಾಕಿರುವ ಮಾತು ಓದಿದ್ದೀಯಾ, ಬುದ್ಧಿ ಸ್ವಾಧೀನ ಇಲ್ಲದೆ ನಿಂತಿದ್ದಳಂತೆ, ಅದನ್ನು ಹಾಗೇ ಬಿಡಲಾ ಎಂದು ಮಗ ಕೇಳುವನು. ಮಾವ ಆಗ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಕೆದಕಿದಷ್ಟೂ ಏನೇನೋ ಬರುತ್ತೆ ಎಂದು ಸುಮ್ಮನಾಗುವರು. ಆ ಮಾತು ತನಗೇ ಹೇಳಿದ್ದು ಎಂದು ಸೊಸೆ ನಂಬಿದ್ದಳು. ಆ ಬೆಳಗ್ಗೆ ಅವರು ಕೆಳಗೇ ಕೂತಿದ್ದರು. ಅವರಿಗೆ ಅವಳ ಕೂಗು ಕೇಳಿಸಿರಲೇಬೇಕು. ಹೇಳದೆ ನನ್ನನ್ನು ಕಾಪಾಡುತ್ತಿದ್ದಾರೆ, ಆದರೆ ಕ್ಷಮಿಸಿಲ್ಲ ಎಂದುಕೊಂಡಳು. ಒಂದು ದಿನ ಅಪ್ಪ ಮಗ ಮಾತಿಗೆ ಮಾತು ಬೆಳೆದು, ನಿನಗೆ ಅಮ್ಮನಿಗಿಂತ ನೆಮ್ಮದಿ ಹೆಚ್ಚಾಯಿತು ಎಂದು ಮಗ ಅಂದ. ಅಲ್ಲಿಗೆ ಇಬ್ಬರ ನಡುವೆ ಮಾತೇ ನಿಂತಿತು. ಉಪ್ಪು ಬೇಕೆಂದರೂ ಮೊಮ್ಮಗಳ ಮೂಲಕ ಕೇಳುವುದಾಯಿತು.

"ತಾತನಿಗೆ ಉಪ್ಪು ಬೇಕಂತೆ ಅಪ್ಪ, ಅಪ್ಪನ ಹತ್ರ ಉಪ್ಪಿದೆಯಂತೆ ತಾತ," ಎಂದು ಅವಳು ಗೊಣಗುತ್ತಾ ಡಬ್ಬ ದಾಟಿಸುತ್ತಿದ್ದಳು. "ನನಗೆ ಪರೀಕ್ಷೆ ಇದೆ. ನಾಳೆಯಿಂದ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ."

ಸಾಕ್ಷಿ ಹೇಳುವ ದಿನ ಗೊತ್ತಾಯಿತು. ಮೊದಲು ಸೊಸೆ ನಿಲ್ಲಬೇಕು. ಅತ್ತೆಯನ್ನು ಮನೆಯಲ್ಲಿ ಕೊನೆಯದಾಗಿ ಕಂಡವಳು ಅವಳು. ಕಟಕಟೆಯಲ್ಲಿ ಸುಳ್ಳು ಹೇಳಿದರೆ ಅತ್ತೆಗೆ ಎರಡನೇ ಸಲ ಮೋಸ ಮಾಡಿದಂತೆ. ನಿಜ ಹೇಳಿದರೆ ಕೇಸೂ ಹೋಯಿತು, ಗಂಡನೂ ಹೋದ. ಇದನ್ನೇ ತಿರುವಿ ಮುರುವಿ ಹಾಕುತ್ತಾ ಅವಳು ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದಳು. ಮೊಟ್ಟೆ ಹುರಿದಿದ್ದಳು. ಮಾವ ಎರಡು ತುತ್ತು ತಿಂದು ತಟ್ಟೆ ದೂಡಿದರು. ಆ ದೂಡಿದ ಸದ್ದಿಗೆ ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ಮಾವ, ಬೈಯೋದಿದ್ರೆ ಬೈದುಬಿಡಿ. ಹೀಗೆ ತಟ್ಟೆ ದೂಡಿ ದೂಡಿ ಕೊಲ್ಲಬೇಡಿ." ಅಲ್ಲಿಂದ ಮಾತು ತಾನೇ ಹರಿಯಿತು. ಗ್ಯಾಸ್ಕೆಟ್ಟು, ಬೇಳೆ, ತಾನು ಕೂಗಿದ್ದು, ಕೂಗಿದ ಮಾತು ಅಕ್ಷರಕ್ಕೆ ಅಕ್ಷರ. "ನಾನೇ ಕಳಿಸಿದ್ದು. ಬರಬೇಡಿ ಅಂತ ಬಾಯಿಬಿಟ್ಟು ಹೇಳಿದ್ದೆ. ಅವರು ಬರಲಿಲ್ಲ."

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. ಮಾವ ಮಂಜುಗಣ್ಣನ್ನು ಅವಳ ಕಡೆ ತಿರುಗಿಸಿದರು, ಏನೋ ಅರ್ಥವಾಗದವರ ಹಾಗೆ.

"ನೀನು ಕಳಿಸಿದ್ದಲ್ಲಮ್ಮ," ಎಂದರು. "ಅವಳನ್ನ ಕಳಿಸಿದ್ದು ನಾನು."

ಆಮೇಲೆ ಹೊರಬಂದದ್ದನ್ನು ಕೇಳಿ ಮನೆಯವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ವ್ಯಾನು ಕಲಿಯುತ್ತಿದ್ದರು. ಅರವತ್ತರ ಹತ್ತಿರ ಬಂದಿದ್ದ ಹೆಂಗಸು, ಡ್ರೈವಿಂಗ್ ಸ್ಕೂಲಿಗೆ ಸೇರಿ, ದಿನಾ ತಿಂಡಿಯಾದ ಮೇಲೆ ಕಾರಿನಲ್ಲಿ ಕೂತು ಊರ ಹೊರಗಿನ ರಸ್ತೆ ಸುತ್ತಿ ಬರುತ್ತಿದ್ದರು. ಸ್ಕೂಲಿನ ಕಾರು ಬಂದು ನಿಲ್ಲುತ್ತಿದ್ದ ಜಾಗ ಟೈರಿನ ಅಂಗಡಿಯ ಮುಂಭಾಗ. ನಿಮಗೆ ಕಣ್ಣಿಲ್ಲ, ಮಗನಿಗೆ ಪುರಸೊತ್ತಿಲ್ಲ, ಸೊಸೆಗೆ ಉಸಿರಾಡೋಕೆ ಹೊತ್ತಿಲ್ಲ, ವ್ಯಾನು ನಾನು ಹಿಡೀತೀನಿ ಎಂದು ಮಾವನ ಮುಂದೆ ಪಟ್ಟು ಹಿಡಿದು ಕೂತಿದ್ದರಂತೆ. ಮಾವ ಮೊದಲು ನಕ್ಕಿದ್ದರು. ಆಮೇಲೆ ಶುಲ್ಕ ಕೊಟ್ಟಿದ್ದರು. ಸಂಜೆ ಗಲ್ಲಾದ ಹಿಂದೆ, ಮಡಿಸಿದ ಟವೆಲುಗಳ ಮೇಲೆ ಕೈ ಇಟ್ಟು, ಗೇರು ಹಾಕುವುದನ್ನು ತಾವೇ ಹೇಳಿಕೊಟ್ಟಿದ್ದರು. ಲೈಸೆನ್ಸು ಕೈಗೆ ಬರುವವರೆಗೆ ಯಾರಿಗೂ ಹೇಳಕೂಡದು ಎಂದು ಅತ್ತೆ ಅವರಿಂದ ಮಾತು ತೆಗೆದುಕೊಂಡಿದ್ದರು.

"ಯಾರಿಗೂ ಯಾಕೆ?" ಎಂದ ಮಗ.

"ನೀನೇ ಅಂದಿದ್ದೆಯಲ್ಲಪ್ಪ, ಅಮ್ಮನಿಗೆ ರಸ್ತೆ ದಾಟೋಕೇ ಬರಲ್ಲ ಅಂತ. ನಿನ್ನ ತಟ್ಟೆ ಪಕ್ಕ ಲೈಸೆನ್ಸ್ ಇಟ್ಟು ಆಮೇಲೆ ಊಟ ಬಡಿಸ್ತೀನಿ ಅಂತಿದ್ಲು." ಮಾವ ತಟ್ಟೆಯನ್ನು ಇನ್ನಷ್ಟು ದೂರ ಸರಿಸಿದರು. "ನಾನು ಒಂದು ಸಲ ಗಟ್ಟಿಯಾಗಿ ಬೇಡ ಅಂದಿದ್ರೆ ಅವಳು ಅವತ್ತು ಅಲ್ಲಿ ನಿಲ್ತಿರಲಿಲ್ಲ. ನಿಮ್ಮ ಮುಖ ನೋಡ್ಕೊಂಡು ಹೇಗೆ ಊಟ ಮಾಡಲಿ?"

ಮಗ ಎದ್ದು ಕೈ ತೊಳೆಯಲು ಹೋದ. ಬಂದವನು ಹೆಂಡತಿಯನ್ನಾಗಲಿ ಅಪ್ಪನನ್ನಾಗಲಿ ಬೈಯಲಿಲ್ಲ. ಯಾವ ಡ್ರೈವಿಂಗ್ ಸ್ಕೂಲು ಎಂದು ಮಾತ್ರ ಕೇಳಿದ. ಅಪ್ಪನಿಗೆ ನೇರವಾಗಿ ಕೇಳಿದ, ಮಗಳ ಮೂಲಕ ಅಲ್ಲ. ಸೊಸೆಗೆ ಆ ಹೊತ್ತು ಅರ್ಧ ಉಸಿರು ಬಂತು, ಅರ್ಧ ಒಳಗೇ ಉಳಿಯಿತು. ಅತ್ತೆ ಅಲ್ಲಿ ನಿಂತದ್ದು ತನ್ನ ಮಾತಿನಿಂದ ಅಲ್ಲ, ಸರಿ. ಆದರೆ ಈ ಮನೆಯಿಂದ ಅವರು ಕೊನೆಯದಾಗಿ ಕೇಳಿಸಿಕೊಂಡು ಹೋದದ್ದು ಆ ಮಾತನ್ನೇ. ಅದನ್ನು ಯಾವ ಮಾವನೂ ತೆಗೆದುಹಾಕಲು ಆಗುತ್ತಿರಲಿಲ್ಲ.

ಡ್ರೈವಿಂಗ್ ಸ್ಕೂಲಿನವನನ್ನು ಕಲಿಯುವವರೆಲ್ಲ ಬ್ರೇಕ್ ಮಾಸ್ತರು ಎನ್ನುತ್ತಿದ್ದರು. ಪಕ್ಕದ ಸೀಟಿನಲ್ಲಿ ಅವನಿಗೊಂದು ಬೇರೆ ಬ್ರೇಕು ಇತ್ತು, ಬಾಯಲ್ಲೂ ಅದೊಂದೇ ಮಾತು. ಗಂಡ ಮತ್ತು ವಕೀಲಮ್ಮ ಹುಡುಕಿಕೊಂಡು ಹೋದಾಗ ಅವನು ಕಾರು ಬಿಟ್ಟು ಓಡುವುದೊಂದು ಬಾಕಿ. ಮನೆಯವರು ತನ್ನನ್ನು ಹೊಡೆಯಲು ಬಂದರು ಎಂದುಕೊಂಡಿದ್ದನಂತೆ. ಆ ದಿನ ಅದಕ್ಕೆ ಮುಂಚಿನ ಪಾಠದ ಶಿಷ್ಯನೊಬ್ಬ ಕಾರನ್ನು ಚರಂಡಿಗೆ ಇಳಿಸಿ ಮಾಸ್ತರಿಗೆ ತಡವಾಗಿತ್ತು. ಹೊತ್ತಿಗೆ ಸರಿಯಾಗಿ ಬಂದಿದ್ದರೆ ಆ ತಾಯಿ ಬೋರ್ಡಿನ ಕೆಳಗೆ ನಿಲ್ಲುತ್ತಲೇ ಇರಲಿಲ್ಲ ಎಂದು ಅವನೂ ಇಷ್ಟು ದಿನ ಒಳಗೇ ಬೇಯುತ್ತಿದ್ದ. ಅವನಿಂದ ವಕೀಲಮ್ಮನಿಗೆ ಬೇಕಾದದ್ದು ಸಿಕ್ಕಿತು. ಆ ಜಾಗದಲ್ಲಿ ಶಿಷ್ಯರು ಕಾದು ನಿಲ್ಲುವುದಕ್ಕೆ ಕಟ್ಟಡದ ಮಾಲೀಕ ಸ್ಕೂಲಿನಿಂದ ತಿಂಗಳು ತಿಂಗಳು ಬಾಡಿಗೆ ತೆಗೆದುಕೊಳ್ಳುತ್ತಿದ್ದ. ಬಾಡಿಗೆ ವಸೂಲಿ ಮಾಡಿ ನಿಲ್ಲಿಸಿಕೊಂಡವನೇ ನಿಲ್ಲಬೇಡಿ ಎಂದಿದ್ದೆ ಎಂದು ಹೇಳುತ್ತಿದ್ದಾನೆ ಎಂದು ವಕೀಲಮ್ಮ ಬಹಳ ದಿನದ ಮೇಲೆ ನಕ್ಕರು.

ಮನೆಗೆ ಬಂದು ಅವರು ಇನ್ನೊಂದು ಮಾತೂ ಹೇಳಿದರು. ಸೊಸೆ ಕೂಗಿದ್ದನ್ನು ಮುಚ್ಚಿಡುವುದು ಬೇಡ, ಕೇಳಿದರೆ ಕೇಳಿದಷ್ಟನ್ನು ಹೇಳಿ ಎಂದರು. ಹೇಳಿದರೆ ಕೇಸು ಹಾಳಾಗುವುದಿಲ್ಲವೇ ಎಂದು ಅವಳು ಕೇಳಿದಳು.

"ನೋಡಿ, ನೀವು ಕೂಗಿದ್ದು ಅಂತೀರಿ. ನಿಮ್ಮ ಮಾವ ಫೀಸ್ ಕೊಟ್ಟಿದ್ದು ಅಂತಾರೆ. ಮಾಸ್ತರು ತಡ ಮಾಡಿದ್ದು ಅಂತಾನೆ. ಬೋರ್ಡ್ ಬಿದ್ದಿದ್ದು ಬೋಲ್ಟ್ ತುಕ್ಕು ಹಿಡಿದು. ಆ ಬೋಲ್ಟ್ ನಿಮ್ಮಲ್ಲಿ ಯಾರದೂ ಅಲ್ಲ. ಅದು ಯಾರದು ಅಂತ ಹೇಳಿಸೋಕೇ ಕೋರ್ಟಿಗೆ ಹೋಗ್ತಿರೋದು."

ಕೋರ್ಟಿನ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಸೊಸೆ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಇಸ್ತ್ರಿಯಿಲ್ಲದ ಮುಖದಲ್ಲಿ ಹೋಗಿ ನಿಂತಳು. ಅತ್ತೆಯ ಕೆಲಸಗಳನ್ನು ಹೇಳಿದಳು; ಚಹಾ ತನ್ನದು, ಹಾಲು ಅವರದು ಎಂದೂ ಹೇಳಿದಳು. ಎದುರು ವಕೀಲರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ, ಆ ಬೆಳಗ್ಗೆ ಮನೆಯಲ್ಲಿ ಏನಾದರೂ ಮಾತು ಬಂದಿತ್ತೇ ಎಂದು ಕೇಳಿದರು. ಅವಳು ಗಂಡನ ಕಡೆ ನೋಡಲಿಲ್ಲ. ಬೈದೆ ಎಂದಳು. ಏನೆಂದು ಬೈದಿರಿ ಎಂದಾಗ ಆ ಮಾತನ್ನೂ ಹೇಳಿದಳು. ಕೋಣೆಯಲ್ಲಿ ಯಾರೋ ಲೊಚಗುಟ್ಟಿದರು. ಎದುರು ವಕೀಲರು ಇನ್ನೇನೂ ಕೇಳದೆ ಕೂತರು, ಹೊಟ್ಟೆ ತುಂಬಿದವರ ಹಾಗೆ.

ಮಾಸ್ತರು ನಿಂತಾಗ ಅವನ ಎರಡೂ ಕೈ ಕಟಕಟೆಯ ಕಂಬಿಯ ಮೇಲೆ ಸ್ಟಿಯರಿಂಗ್ ಹಿಡಿದ ಹಾಗೆ ಕೂತವು. ಬಾಡಿಗೆಯ ವಿಷಯ ಹೇಳಿದ. ಬೋರ್ಡು ಅಲ್ಲಾಡುವುದನ್ನು ತಾನೂ ಮಾಲೀಕರಿಗೆ ಹೇಳಿದ್ದನ್ನು ಹೇಳಿದ. ಎದುರು ವಕೀಲರು ಎದ್ದು, ಅದೆಲ್ಲ ಇರಲಿ, ಆ ದಿನ ಆಕೆ ಸೊಸೆಯಿಂದ ಬೈಸಿಕೊಂಡು, ಮನನೊಂದು, ಮೈಮೇಲೆ ಎಚ್ಚರವಿಲ್ಲದ ಸ್ಥಿತಿಯಲ್ಲಿ ಬಂದಿದ್ದರಲ್ಲವೇ ಎಂದರು. ಮಾಸ್ತರು ತಬ್ಬಿಬ್ಬಾಗಿ ಸೊಸೆಯ ಕಡೆ ನೋಡಿದ. ಇದನ್ನು ಹೇಳಬೇಕೆಂದು ಅವನಿಗೆ ಇರಲಿಲ್ಲ. ಮನೆಯವರಿಗೆ ಬೇಜಾರಾಗುತ್ತದೆಂದು ವಕೀಲಮ್ಮನಿಗೂ ಹೇಳಿರಲಿಲ್ಲ.

"ನೊಂದಿರಲಿಲ್ಲ ಸ್ವಾಮಿ," ಎಂದ. "ನಿಂತಲ್ಲಿಂದ ನನಗೆ ಫೋನ್ ಮಾಡಿದ್ರು. ನಗ್ತಾ ಇದ್ರು."

"ನಗುತ್ತಾ ಇದ್ದರೇ? ಯಾಕೆ?"

"ಅವರು ದಿನಾ ಹೊರಗೆ ಬರೋಕೆ ಮನೇಲಿ ಏನಾದ್ರೂ ಒಂದು ಕೆಡಿಸಿ ಇಡ್ತಿದ್ರು ಸ್ವಾಮಿ. ಉಪ್ಪು ಬಚ್ಚಿಡೋದು, ಬೆಂಕಿಪೊಟ್ಟಣ ನೆನೆಸೋದು. ಸೊಸೆ ತರೋಕೆ ಕಳಿಸ್ತಾಳೆ, ಬಂದುಬಿಡ್ತೀನಿ ಅಂತಿದ್ರು. ಅವತ್ತು ನಾನು ತಡ ಆಗುತ್ತೆ ಅಂದಾಗ, ಪರವಾಗಿಲ್ಲ ಮಾಸ್ತರೇ, ಇವತ್ತು ಗ್ಯಾಸ್ಕೆಟ್ಟನ್ನೇ ಕತ್ತರಿಸಿ ಬಂದಿದೀನಿ, ತರೋವರೆಗೂ ಬರಬೇಡಿ ಅಂತ ಸೊಸೆ ರಜಾ ಕೊಟ್ಟಿದ್ದಾಳೆ, ಇವತ್ತು ರಿವರ್ಸ್ ಪೂರ್ತಿ ಕಲಿಸಿಬಿಡಿ ಅಂದ್ರು."

ಮೊದಲು ನಕ್ಕದ್ದು ನ್ಯಾಯಾಧೀಶರ ಪಕ್ಕದ ಗುಮಾಸ್ತ. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ನ್ಯಾಯಾಧೀಶರು ಸದ್ದು ಎಂದು ಗದರಿಸಿದರೂ ಅವರ ಮುಖವೂ ನೆಟ್ಟಗಿರಲಿಲ್ಲ. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಮುದುಕಿಗೆ ಅರುಳು ಮರುಳು ಎಂದುಕೊಂಡಿದ್ದೆನಲ್ಲ, ಕತ್ತರಿ ಹಿಡಿದು ನನ್ನನ್ನೇ ಆಟ ಆಡಿಸಿದಿರಲ್ಲ ಅತ್ತೆ ಎಂದು ಮನಸ್ಸಿನಲ್ಲೇ ಬೈದಳು. ಬೈಯುತ್ತಾ ಇರುವಾಗಲೇ ಕಣ್ಣು ತುಂಬಿ ಹರಿಯಿತು. ಪಕ್ಕದಲ್ಲಿ ಗಂಡ ಅವಳ ಮಣಿಕಟ್ಟನ್ನು ಹಿಡಿದುಕೊಂಡಿದ್ದ, ಜನರೆದುರು ಹಾಗೆಲ್ಲ ಹಿಡಿಯುವವನಲ್ಲ.

ಅದೇ ದಿನ ವರಾಂಡದಲ್ಲಿ ಮಾಲೀಕನ ಕಡೆಯವರು ರಾಜಿಗೆ ಬಂದರು. ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಮರ್ಯಾದೆಯ ಮೊತ್ತ. ಕೇಸೇ ಬೇಡ ಎನ್ನುತ್ತಿದ್ದ ಮಾವ ಈಗ ಒಂದು ಷರತ್ತು ಹಾಕಿದರು. ನಿಂತವಳದು ತಪ್ಪಿರಲಿಲ್ಲ, ಬೋರ್ಡು ನೋಡಿಕೊಳ್ಳದೆ ಹೋದದ್ದು ನಮ್ಮ ತಪ್ಪು ಎಂದು ಅವರು ಬರೆದುಕೊಡಬೇಕು. ಅದಿಲ್ಲದೆ ಹಣ ಮುಟ್ಟುವುದಿಲ್ಲ. ಮಾಲೀಕ ಮುಖ ಊದಿಸಿಕೊಂಡ. ಅವನ ವಕೀಲರು ಕಿವಿಯಲ್ಲಿ ಏನೋ ಹೇಳಿದ ಮೇಲೆ ಒಪ್ಪಿದ. ಅದು ಬರೆಯುವಷ್ಟು ಹೊತ್ತೂ ಅಪ್ಪ ಮಗ ಒಂದೇ ಬೆಂಚಿನ ಮೇಲೆ, ಭುಜಕ್ಕೆ ಭುಜ ತಾಗಿಸಿ ಕೂತಿದ್ದರು.

ವಾಪಸು ಬರುವಾಗ ಸೊಸೆ ವ್ಯಾನಿನ ಹಿಂದೆ, ತೊಳೆದ ಹಾಸಿಗೆ ಬಟ್ಟೆಯ ಗಂಟುಗಳ ನಡುವೆ ಕೂತಳು. ಎರಡು ಬೀದಿ ದಾಟುವಷ್ಟರಲ್ಲಿ ಅವಳಿಗೆ ಎಲ್ಲಿದ್ದೇನೆ ಎಂಬುದೂ ತಿಳಿಯದಂಥ ನಿದ್ದೆ ಬಂತು. ಕಣ್ಣು ಬಿಟ್ಟಾಗ ವ್ಯಾನು ಮನೆಯ ಮುಂದೆ ನಿಂತಿತ್ತು, ಎಂಜಿನ್ನು 'ಆಫ್' ಆಗಿತ್ತು, ಬಿಸಿಲು ಇಳಿಯುತ್ತಿತ್ತು. ಮುಂದಿನ ಸೀಟಿನಲ್ಲಿ ಅಪ್ಪ ಮಗ ಪಿಸುಮಾತಿನಲ್ಲಿ ಜಗಳವಾಡುತ್ತಿದ್ದರು.

"ಎಬ್ಬಿಸು, ಹಸಿವು ತಡೆಯೋಕಾಗ್ತಿಲ್ಲ ಅಂದವನು ನೀನು," ಎಂದರು ಮಾವ.

"ಹಸಿವು ಅಂದೆ ಅಷ್ಟೇ, ಎಬ್ಬಿಸು ಅನ್ನಲಿಲ್ಲ. ನೀನೇ ಬಾಗಿಲು ತೆಗೆಯೋಕೆ ಹೋಗಿದ್ದೆ."

"ಬಾಗಿಲು ತೆಗೆದ್ರೆ ಸದ್ದಾಗುತ್ತೆ ಅಂತ ಬಿಟ್ಟೆ. ಮಲಗಲಿ ಬಿಡೋ. ಹುಡುಗಿ ನೆಮ್ಮದಿಯಾಗಿ ಮಲಗಿ ಎಷ್ಟು ದಿನ ಆಯ್ತೋ."

ಅಷ್ಟರಲ್ಲಿ ಮಗಳು ಮೇಲಿನ ಕಿಟಕಿಯಿಂದ ಬಗ್ಗಿ, ಎಲ್ಲರೂ ವ್ಯಾನಲ್ಲೇ ಯಾಕೆ ಕೂತಿದ್ದೀರಾ, ಅನ್ನಕ್ಕೆ ನೀರು ಎಷ್ಟು ಇಡಲಿ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಗಂಡಸರಿಬ್ಬರೂ ಒಟ್ಟಿಗೆ ಬಾಯಿಯ ಮೇಲೆ ಬೆರಳಿಟ್ಟು ಅವಳಿಗೆ ಸನ್ನೆ ಮಾಡಿದರು. ಅನ್ನಕ್ಕೆ ನೀರು ಎಷ್ಟೆಂದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಒಂದಕ್ಕೆ ಎರಡು ಎಂದು ಹೇಳಲು ಸೊಸೆ ಬಾಯಿ ತೆರೆದಳು. ಆಮೇಲೆ ಅವರೇ ಏನಾದರೂ ಮಾಡಿಕೊಳ್ಳಲಿ ಎಂದುಕೊಂಡು ಪಕ್ಕದ ಗಂಟನ್ನು ತಲೆಯ ಕೆಳಗೆ ಎಳೆದುಕೊಂಡು ಮತ್ತೆ ಕಣ್ಣು ಮುಚ್ಚಿದಳು.